ಸಿಂಗಲ್ ಫೇಸು

ಅಮ್ಮನ ಹಣೆ ಮುಟ್ಟಿ ನೋಡಿ ಬಂದಳು ಇಂಚರ:
"ಜ್ವರ ಇಲ್ಲಪ್ಪ. ಮತ್ಯಾಕೆ ಏಳ್ತಿಲ್ಲ?"

ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ,
ಸೊಪ್ಪಿನ ತೋಟಕ್ಕೆ ನೀರು ಬಿಡಬೇಕಿತ್ತು.
ಬಾಯಿಗೆ ಬಂದದ್ದು ಅದೇ:

"ನೋಡು, ಮನೇಲಿ ಬಲ್ಬು ಉರೀತಿದೆ,
ಮೋಟರು ಮಾತ್ರ ಎತ್ತುತ್ತಿಲ್ಲ.
ಕೆಟ್ಟಿದೆಯಾ? ಇಲ್ಲ.
ನೀರು ಬತ್ತಿದೆಯಾ? ಇಲ್ಲ, ಕೆಳಗೆ ಇದೆ.
ಬಂದಿರೋದು ಸಿಂಗಲ್ ಫೇಸು, ಅಷ್ಟೆ.
ನೀನು ಕೂಗಿದರೆ ಕಣ್ಣು ಬಿಡ್ತಾಳಲ್ಲ, ಅದು ಬಲ್ಬು.
ಜಡೆ ಹಾಕೋದು, ಮುದ್ದೆ ಕಟ್ಟೋದು, ನಗೋದು,
ಅದಕ್ಕೆಲ್ಲ ಮೂರೂ ಫೇಸು ಬೇಕು."

ಕಾಲ್ಬೆರಳಲ್ಲಿ ಮಣ್ಣು ಕೆದರುತ್ತಾ ನಿಂತಳು.
"ಯುಗಾದಿ ದಿನ ಹಿಟ್ಟಿನ ಡಬ್ಬ ಚೆಲ್ಲಿದೆನಲ್ಲ ನಾನು,
ಅದಕ್ಕೇನಾ ಹೋಗಿದ್ದು?"

ಯುಗಾದಿಯಾಗಿ ನಾಲ್ಕು ತಿಂಗಳು.
ಅಲ್ಲಿಂದ ಹೊತ್ತುಕೊಂಡೇ ಇದ್ದಾಳೆ ಆ ಡಬ್ಬವನ್ನ.

"ಇಲ್ಲ ಕಣೇ. ಹಿಟ್ಟು ಚೆಲ್ಲಿದ್ದಕ್ಕೆ
ಯಾವ ಊರಲ್ಲೂ ಕರೆಂಟು ಹೋಗಲ್ಲ."

"ಲೈನ್‌ಮನ್‌ಗೆ ಹೇಳಿದ್ಯಾ?"

"ಹೇಳಿದೀನಿ. ಮಂಗಳವಾರ ಮಂಗಳವಾರ
ಚಿಂತಾಮಣಿ ಆಸ್ಪತ್ರೆಗೆ ಬರ್ತಾರಲ್ಲ, ಕನ್ನಡಕದ ಡಾಕ್ಟ್ರಮ್ಮ.
ಮಾತ್ರೆ ಕೊಟ್ಟಿದಾರೆ. ನಿಧಾನ ಅಂದಿದಾರೆ."
ಎಂದು ಬರುತ್ತೋ ನನಗೂ ಗೊತ್ತಿಲ್ಲ. ಅದನ್ನೂ ಹೇಳಿದೆ.

ರಾತ್ರಿ ಎರಡಕ್ಕೆ ಮೋಟರು ಗುಂಯ್ ಅಂದಿತು.
ನೀರು ತಿರುವಲು ಎದ್ದರೆ
ಇಂಚರ ನನಗಿಂತ ಮೊದಲೇ ಎದ್ದಿದ್ದಾಳೆ,
ತಾನೇ ಹೆಣೆದ ಸೊಟ್ಟ ಜಡೆ ಬಿಚ್ಚಿ,
ಕೈಯಲ್ಲಿ ಬಾಚಣಿಗೆ ಹಿಡಿದು,
ಅಮ್ಮನ ಮಗ್ಗುಲಲ್ಲಿ
ಅವಳ ಕಡೆಗೇ ಬೆನ್ನು ಮಾಡಿ ಕೂತು.

ಅಮ್ಮ ಏಳಲಿಲ್ಲ.
ಒಂದು ಕೈ ಬಂತು, ಕೂದಲ ತುದಿಯವರೆಗೆ.
ಹಾಗೇ ಹಿಡಿದುಕೊಂಡಿತ್ತು.