ಗೀರು

ಮುಚ್ಚಿದ ಮಿಲ್ಲಿನ ಮ್ಯಾನೇಜರ ಬಂಗಲೆಯ ಸಾಮಾನು
ತೂಕಕ್ಕೆ ಹಾಕಿದಾಗ ಬಂದವಳು ಇವಳು,
ಸೊಲ್ಲಾಪುರದ ಬಾಳಿವೇಸಿನ ನನ್ನ ಫ್ರೇಮಂಗಡಿಗೆ,
ಎರಡು ಪಂಖಾ, ಒಂದು ಮುರುಕು ಆರಾಮಕುರ್ಚಿಯ ಜೊತೆ.

ಬೆನ್ನಿಗೆ ಪೆನ್ಸಿಲಿನ ಇಂಗ್ಲಿಷು. ಹವಳಗಿ ಮಾಸ್ತರು
ಚಾಳೀಸು ಏರಿಸಿ ಓದಿದರು: ಯಾವನೋ ಡ್ಯೂಕನ ಹೆಂಡತಿ,
ಗಂಡನಿರುತ್ತ ಇನ್ನೊಬ್ಬನ ಸಾರೋಟು ಹತ್ತಿದವಳು,
ಕೋರ್ಟಿನಲ್ಲಿ ಕೆಲಸದಾಕೆ ಹಾಸಿಗೆಯ ಸಾಕ್ಷಿ ಹೇಳಿದ್ದಳಂತೆ.
"ಭಾಳ ಕೆಟ್ಟಾಕಿ," ಅಂದರು. ಮತ್ತೊಮ್ಮೆ ನೋಡಿದರು.

ನಾನು ಭೂತಗನ್ನಡಿ ಹಿಡಿದೆ.
ಗಲ್ಲವಿಲ್ಲ, ತುಟಿಯಿಲ್ಲ, ಬರೀ ಗೀರು;
ಕೂದಲಿಗಿಂತ ಸಣ್ಣ ಗೀರು ಗೀರನ್ನು ಹಾಯ್ದು
ಕೊರಳ ನೆರಳಾಗಿದೆ.
ಗೆರೆ ದಾಟಿದವಳನ್ನು
ಗೆರೆಯಿಂದಲೇ ಮಾಡಿದ್ದಾನೆ ಪುಣ್ಯಾತ್ಮ,
ತಾಮ್ರದ ತಗಡಿನಲ್ಲಿ, ಸೂಜಿ ಹಿಡಿದು.

ಸೂಜಿ ನಮ್ಮನೆಯಲ್ಲೂ ಇತ್ತು.
ಚಂದ್ರಭಾಗಾ ಅತ್ತೆ ಮಗ್ಗದ ಜಾಬರನ ಜೊತೆ
ಇಚಲಕರಂಜಿಗೆ ಹೋದ ರಾತ್ರಿ
ಅಜ್ಜ ಮನೆಮಂದಿಯ ಫೋಟೋ ಇಳಿಸಿ,
ಕಂದೀಲು ಹತ್ತಿರ ಎಳೆದುಕೊಂಡು
ಅವಳ ಮುಖವೊಂದನ್ನೇ ಕೆರೆದ.
ಗೀರಿನ ಮೇಲೆ ಗೀರು. ಸೀರೆಯ ಅಂಚು ಕೂಡ ಮುಟ್ಟಲಿಲ್ಲ.
ಅವಳ ಸೊಂಟದ ಮೇಲಿನ ಕೂಸು, ನಾನು.

ನಿನ್ನೆ ಗಿರಾಕಿ ಬಂದ. "ಕಟ್ಟು ಸಾಗವಾನಿ ಐತಿ,
ಈಕಿನ್ನ ತಗದು ನಮ್ಮಪ್ಪನ್ನ ಕೂಡಿಸ್ರಿ."
ಕೂಡಿಸಿದೆ. ರೊಕ್ಕ ಎಣಿಸಿಕೊಂಡೆ.

ಈಗ ಅವಳು ಗಲ್ಲಾದ ಮೇಲಿನ ಗೋಡೆಗೆ, ಕಟ್ಟಿಲ್ಲದೆ,
ಸಿದ್ಧರಾಮನ ಪಟಕ್ಕೂ ಮಾಲೆ ಬಿದ್ದ ಅಪ್ಪಂದಿರಿಗೂ ನಡುವೆ.
ಬುತ್ತಿ ತಂದ ಹೆಂಡತಿ ಕೇಳಿದಳು, "ಯಾರ್ರೀ ಇದು?"
"ನಮ್ಮತ್ತಿ," ಅಂದೆ.
ಅವಳು ನಗಲಿಲ್ಲ.
ಸ್ಟೂಲು ಹತ್ತಿ, ಸೆರಗಿನ ತುದಿಯಿಂದ
ಗಲ್ಲದ ಧೂಳು ಒರೆಸಿದಳು.