ತಟ್ಟೆ ಹಿಡಿದವನು

ಊರಿನ ಹೆಸರು ದಿಬ್ಬಾ.
ಕನ್ನಡದಲ್ಲಿ ಕೂಗಿದರೆ ಒಂದು ಸಣ್ಣ ಮಣ್ಣುಗುಡ್ಡೆ.
ಇಲ್ಲಿ ಬೋಳು ಬೆಟ್ಟ ನೇರ ಕಡಲಿಗೇ ಮೊಣಕಾಲೂರಿದೆ.
ಸಂದಿಯಲ್ಲಿ ನಮ್ಮ ಟೈಲರ್ ಅಂಗಡಿ,
ಅದರೊಳಗೆ ಹದಿನಾಲ್ಕು ವರ್ಷದಿಂದ ನಾನು.

ಹೊಸ ಮೀನು ಮಾರುಕಟ್ಟೆಗೆ ಶೇಖ್ ಸಾಹೇಬರು ಬರುತ್ತಾರಂತೆ.
ಗೋಡೆಯ ಚೌಕಟ್ಟಿನಲ್ಲಿ ತೂಗುವವರಲ್ಲ,
ಅವರ ಚಿಕ್ಕಪ್ಪನೋ ಏನೋ. ಆದರೂ ಅರಮನೆಯವರು.
ಇಷ್ಟು ವರ್ಷ ಕಾರಿನ ಕರಿಗಾಜು ಮಾತ್ರ ಕಂಡವನು ನಾನು.

ದಿಂಬಿನ ಗವಸು ನಾನೇ ಹೊಲಿದೆ. ಹಸಿರು ಮಖಮಲ್ಲು,
ಅಂಚಿಗೆ ಜರಿ, ಒಳಗೆ ಹಳೇ ಸ್ಪಂಜು.
ರಿಬ್ಬನ್ನೂ ನಮ್ಮದೇ, ಆರು ಮೀಟರ್ ಸ್ಯಾಟಿನ್.
ತಟ್ಟೆ ಹಿಡಿಯಬೇಕಿದ್ದ ಹುಡುಗಿಗೆ ಬೆಳಿಗ್ಗೆ ಜ್ವರ.
ಮುನಿಸಿಪಾಲಿಟಿಯ ಹಮ್ದಾನ್ ಸುತ್ತ ಕಣ್ಣಾಡಿಸಿ,
ಇಸ್ತ್ರಿ ಮಾಡಿದ ಅಂಗಿಯವನು ನಾನೊಬ್ಬನೇ ಕಂಡು
"ನೀನು ಬಾ" ಎಂದ.

ಮೊದಲು ಪೊಲೀಸರು, ಕ್ಯಾಮೆರಾ, ಲೋಬಾನದ ಹೊಗೆ;
ಆಮೇಲೆ ಒಬ್ಬ ಮುದುಕರು, ಬಲಗೈಯಲ್ಲಿ ಬೆತ್ತ.
ನಮ್ಮ ನಡುವೆ ಒಂದೇ ಮೊಳ.
ಮುಖ ನೋಡುವ ಧೈರ್ಯ ಬರಲಿಲ್ಲ.
ದರ್ಜಿಯ ಕಣ್ಣು ತಾನು ಹೋಗುವಲ್ಲಿಗೇ ಹೋಯಿತು:
ಕರಿ ಬಿಶ್ತಿನ ಜರಿಯಂಚಲ್ಲಿ ಒಂದು ಎಳೆ ಬಿಟ್ಟಿತ್ತು,
ಕತ್ತಿನ ಗುಂಡಿಗೆ ಬೇರೆಯೇ ಬಿಳಿಯ ದಾರ.
ಬಿಳಿಯಲ್ಲೂ ಎಷ್ಟು ಬಿಳಿ ಇದೆ, ನಮಗೆ ಗೊತ್ತು.
ಯಾರೋ ಮನೆಯಲ್ಲೇ, ಹೊರಡುವ ಆತುರದಲ್ಲಿ, ಹಚ್ಚಿದ್ದು.

ಎಡಗೈ ಚಾಚಿ ಕತ್ತರಿ ಎತ್ತಿಕೊಂಡರು.
ಬೆತ್ತದ ಕಾರಣಕ್ಕೆ ಅಂದುಕೊಂಡಿರಬೇಕು ಎಲ್ಲರೂ.
ನಾನು ಬೆರಳು ನೋಡಿದೆ.
ಹಿಡಿಯ ಕಣ್ಣನ್ನು ಅವು ಹುಡುಕಲಿಲ್ಲ,
ಸ್ವಂತ ಮನೆಯ ಮೆಟ್ಟಿಲನ್ನು ಕತ್ತಲಲ್ಲಿ ಇಳಿದ ಹಾಗೆ ಇಳಿದವು.
ಇವರು ಎಡಚರು!

ಹುಮನಾಬಾದಿನ ಶಾಲೆಯಲ್ಲಿ ನನ್ನ ಎಡಗೈಯನ್ನು
ಚಡ್ಡಿಯ ಲಾಡಿಗೆ ಕಟ್ಟಿ ಕೂರಿಸುತ್ತಿದ್ದರು.
"ಎಡಗೈಲೆ ರೊಟ್ಟಿ ಮುರೀಬ್ಯಾಡೋ, ಉಣ್ಣೂ ಅನ್ನ ಸಿಟ್ಟಾಗ್ತದ"
ಅನ್ನುತ್ತಿದ್ದಳು ಅವ್ವ.
ಇವರಿಗೂ ಯಾರೋ ಹೊಡೆದಿರಬೇಕು,
ಖರ್ಜೂರದ ಬಟ್ಟಲ ಮುಂದೆ,
ರಾಜಮನೆತನದ ಸಣ್ಣ ಮಣಿಕಟ್ಟಿಗೆ.

ಬಂಗಾರದ ನೀರು ಕುಡಿದ ಕತ್ತರಿ. ಬಲಗೈಯವರದು.
ಒಮ್ಮೆ ಅಮುಕಿದರು. ರಿಬ್ಬನ್ನು ಮಡಚಿತು.
ಮತ್ತೊಮ್ಮೆ. ಅಲಗಿನ ನಡುವೆ ನಾಲಿಗೆಯಂತೆ ಜಾರಿ ಕೂತಿತು.
ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ.
ಹಮ್ದಾನನ ಕತ್ತಿನಲ್ಲಿ ಬೆವರು.
ಮೀನು ಪೆಟ್ಟಿಗೆಯಿಂದ ಐಸು ತೊಟ್ಟಿಕ್ಕುವುದು
ಎಲ್ಲರಿಗೂ ಕೇಳಿಸಿತು.

ನಮ್ಮಪ್ಪನ ಅಂಗಡಿಯಲ್ಲಿ ಇದ್ದದ್ದು ಒಂದೇ ಕತ್ತರಿ,
ಅದಕ್ಕೇ ಒಂದು ವಿದ್ಯೆ ಹೇಳಿಕೊಟ್ಟಿದ್ದ:
"ಹೆಬ್ಬಟ್ಟು ಒಳಗ ಜಗ್ಗು, ಬೆರಳು ಹೊರಗ ನೂಕು.
ಅಲಗು ಒಂದಕ್ಕೊಂದು ಮುನಿಸ್ಕೊಂಡಾವ, ಕೂಡಿಸು."
ಬಾಯಿಗೆ ಯಾವ ಭಾಷೆಯೂ ಬರಲಿಲ್ಲ, ಅರಬ್ಬಿಯೂ ಹಿಂದಿಯೂ.
ತಟ್ಟೆಯ ಅಂಚಿನ ಮೇಲಿದ್ದ ಎಡ ಹೆಬ್ಬೆರಳನ್ನು
ಮೆಲ್ಲಗೆ, ಅಂಗೈಯ ಕಡೆಗೆ, ಎಳೆದು ತೋರಿಸಿದೆ.

ನೋಡಿದರು. ನನ್ನನ್ನಲ್ಲ, ಬೆರಳನ್ನು.

ಕಚ್.

ಕತ್ತರಿಯನ್ನು ಮತ್ತೆ ದಿಂಬಿನ ಮೇಲೆ ಇಟ್ಟಾಗ
ಹಿಡಿ ನನ್ನ ಎಡಗೈ ಕಡೆಗಿತ್ತು.
ಬೇಕೆಂದೇ ಇಟ್ಟರೋ, ಹಾಗೇ ಬಿತ್ತೋ,
ಕೇಳುವುದು ಯಾರನ್ನು? ಅವರು ಆಗಲೇ
ಸುರಮಾಯಿ ಮೀನಿನ ರೇಟು ವಿಚಾರಿಸುತ್ತಿದ್ದರು.

ರಾತ್ರಿ ಫೋನಿನಲ್ಲಿ ಅಂಬುಬಾಯಿ:
"ಹೆಂಗಿದ್ರು ರಾಜರು? ಮುಖದಾಗ ಕಳೆ ಇತ್ತೇನು?"
"ಗುಂಡಿಗಿ ಬ್ಯಾರೆ ದಾರ ಹಚ್ಚಿದ್ರು" ಅಂದೆ.
"ಅಯ್ಯ ನಿಮ್ಮ! ಮುಖ?"
ಎಷ್ಟು ನೆನೆದರೂ ಬರೀ ಉಗುರು ಕಂಡಿತು,
ಚಪ್ಪಟೆ, ಒಂದು ಮೂಲೆ ಕಪ್ಪಾಗಿದ್ದು.

ಪೇಪರಿನ ಫೋಟೋವನ್ನು ಷೊಫಿಕುಲ್ ಕತ್ತರಿಸಿ
ಮಿಷಿನ್ನಿನ ಮೇಲೆ ಅಂಟಿಸಿದ್ದಾನೆ.
ದಿಂಬಿನ ಜರಿ ಚೆನ್ನಾಗಿ ಬಂದಿದೆ.
ತಟ್ಟೆಯ ಅಂಚಲ್ಲಿ ಯಾರದೋ ಒಂದು ಹೆಬ್ಬೆರಳು.
ಮಸುಕಾಗಿದೆ.
ಅಲುಗಿತ್ತಲ್ಲ.