ಉಲ್ಲಂಘಿಸಿದ ಕಲಂ

ಲಿಡ್ವಿನ್ ಮೇಡಂ ಕಾಲೇಜು ಬಿಟ್ಟವರೇ ಬಂದು
ಹನ್ನೊಂದು ಹಾಳೆ ನನ್ನ ಮೇಜಿನ ಮೇಲಿಟ್ಟರು.
ಶಿವಮೊಗ್ಗೆಯ ಕೋರ್ಟಿನ ಕಾಂಪೌಂಡು, ಮರದಡಿ ಮೂರನೇ ಮೇಜು,
ಕಕ್ಷಿದಾರರಿಗೆಲ್ಲ ನಾನು ಟೈಪಿಂಗ್ ಅಕ್ಕ.

ಜಿನೀವಾದ ಸಂಗತಿ. ದೇಶದ ಮೇಲೆ ದೇಶ ಹಾಕುವ ದೂರು,
ಪೇಟೆಂಟು, ಮಾರ್ಕು, ಮಾತ್ರೆ, ಮಾತ್ರೆಯ ಹೊದಿಕೆ.
"ನಮ್ಮ ಹುಡುಗರಿಗೆ ಅರ್ಥವಾಗಬೇಕು ವನಜಾಕ್ಷಿ,
ನಿಮ್ಮ ಕೋರ್ಟು ಭಾಷೆ ಸ್ವಲ್ಪ ಬಿಡಿ."

ಆರನೇ ಹಾಳೆಯಲ್ಲಿ ಬೆರಳು ನಿಂತಿತು.
ಕಟ್ಟಳೆ ಯಾವುದನ್ನೂ ನೀನು ಮುರಿದಿಲ್ಲ,
ಆದರೂ ನಿನ್ನ ಮೇಲೆ ನನ್ನದೊಂದು ದೂರು:
ನಾನು ಎಣಿಸಿಕೊಂಡಿದ್ದ ಲಾಭ
ನನಗೆ ಬರಲಿಲ್ಲ.

ಮೂವತ್ತು ವರ್ಷ ದೂರು ಬಡಿದವಳು ನಾನು.
ಬೇಲಿ ಸರಿಸಿದ್ದು, ಚೆಕ್ಕು ಮರಳಿದ್ದು,
ಎಮ್ಮೆ ನುಗ್ಗಿದ್ದು, ಮಾತಿಗೆ ತಪ್ಪಿದ್ದು.
ಇದಕ್ಕೆ ಯಾವ ಕೀಲಿ ಒತ್ತಲಿ?
"ಅಂಥ ದೂರು ಸದ್ಯಕ್ಕೆ ಬೇಡ ಅಂತ
ಸಭೆ ಸೇರಿದಾಗಲೆಲ್ಲ ಮುಂದಕ್ಕೆ ಹಾಕುತ್ತ ಬಂದಿದ್ದಾರೆ."
ಓ, ವಾಯಿದೆ! ಅದು ಗೊತ್ತು.
ಜಿನೀವಾ ಒಮ್ಮೆಗೇ ಬಂದು ನನ್ನ ಸ್ಟೂಲಿನ ಪಕ್ಕ ಕೂತಿತು.
ಪದ ಮಾತ್ರ ಸಿಗಲಿಲ್ಲ. ಜಾಗ ಬಿಟ್ಟು ಮುಂದೆ ಹೋದೆ.

ಮರುದಿನ ನಾಗೋಜಿರಾಯರು, ಮೆಗ್ಗಾನ್ ಎದುರಿನ ಔಷಧಿ ಅಂಗಡಿ,
ಕಂಕುಳಲ್ಲಿ ಫೈಲು.
ಪಕ್ಕದ ಮಳಿಗೆಗೆ ಬಂದ ಸಬೀಹಾ
ಅದೇ ಬಿಪಿ ಮಾತ್ರೆಯನ್ನು ಹದಿನೆಂಟಕ್ಕೆ ಕೊಡುತ್ತಾಳಂತೆ,
ಇವರಲ್ಲಿ ನೂರಾ ನಾಲ್ಕು.
ಕಲಬೆರಕೆಯೇ? ಛೆ, ಇಲ್ಲ.
ಲೈಸೆನ್ಸು? ಗೋಡೆಯಲ್ಲಿದೆ, ಗಾಜು ಹಾಕಿಸಿದ್ದಾಳೆ.
ಬಿಲ್ಲು? ಕೇಳುವ ಮೊದಲೇ ಹರಿದು ಕೊಡುತ್ತಾಳೆ.
ಮತ್ತೆ ಏನೆಂದು ಬರೆಯಲಿ?
ರಾಯರು ತುಸು ಹೊತ್ತು ಮರದ ಕಡೆ ನೋಡಿದರು.
"ಎಣಿಸಿಕೊಂಡಿದ್ದೆ ಅಕ್ಕಾ.
ಆ ಎಣಿಕೆಯ ಮೇಲೇ ಮೇಲಂತಸ್ತಿಗೆ ಕಂಬಿ ಕಟ್ಟಿಸಿದ್ದೆ."

ಬಡಿದೆ. ಎರಡು ಪುಟ, ನಡುವೆ ನೀಲಿ ಕಾರ್ಬನ್ನು.
ಹೊಟ್ಟೆಯುರಿಗೆ 'ಮಾನ್ಯರೇ' ಹಚ್ಚಿ,
ಎಣಿಕೆಗೆ 'ನ್ಯಾಯಯುತ ನಿರೀಕ್ಷೆ' ಎಂಬ ಕೋಟು ತೊಡಿಸಿ.
ನಲವತ್ತಾಯಿತು ಎಂದೆ.
"ಆಚೆ ಮೇಜಿನ ಹುಡುಗ ಕಂಪ್ಯೂಟರಲ್ಲಿ
ಇಪ್ಪತ್ತೈದಕ್ಕೆ ಮಾಡಿಕೊಡುತ್ತಾನಲ್ಲ"
ಎಂದರು ರಾಯರು, ಯಾವ ಕಟ್ಟಳೆಯನ್ನೂ ಮುರಿಯದೆ.
ಇಪ್ಪತ್ತೈದೇ ತೆಗೆದುಕೊಂಡೆ.
ಉಳಿದ ಹದಿನೈದನ್ನು ನಾನೂ ಎಣಿಸಿಕೊಂಡಿದ್ದೆ,
ಗಾಡಿಕೊಪ್ಪದ ಬಸ್ಸಿಗೆ, ಒಂದು ಕಟ್ಟು ಹರಿವೆಗೆ.

ಅರ್ಜಿಯ ಕೊನೆಗೆ ಒಂದು ಸಾಲು ಬಾಕಿ ಇತ್ತು:
ಉಲ್ಲಂಘಿಸಿದ ಕಲಂ.
ರಾಯರು ನನ್ನ ಮುಖ ನೋಡಿದರು.
ಚುಕ್ಕೆ ಒತ್ತುತ್ತ ಹೋದೆ,
ಸಾಲು ಮುಗಿದು ಮಷೀನಿನ ಗಂಟೆ ಹೊಡೆಯುವ ತನಕ.

ಸಂಜೆ ಆರನೇ ಹಾಳೆಗೂ ಅಷ್ಟೇ ಚುಕ್ಕೆ ಹಾಕಿ ಕೊಟ್ಟೆ.
"ಪದ ಎಲ್ಲಿ?" ಎಂದರು ಮೇಡಂ.
ವಾಯಿದೆ ಕೊಡಿ, ಎಂದೆ.